ಕೌಂಟಿ ನಿರ್ಣಯ ನಂಬಿಕೊಂಡು ಗನ್ ಮುಟ್ಟಬೇಡಿ

ಅಕ್ಕ ಎಂದು ಕರೆದು ಕೇಳಿದ್ದೀಯ, ಹಾಗಾಗಿ ನಾನೂ ತಂಗಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾ ರಾಜ್ಯದ ಕಲ್ಪೆಪರ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಕಡೆ ಮನೆ ನೋಡಿದ್ದೀರಿ. ರಾಜ್ಯದ ಗನ್ ಕಾನೂನನ್ನು ಒಪ್ಪುವುದಿಲ್ಲ ಎಂದು ಆ ಕೌಂಟಿ ನಿರ್ಣಯ ಮಾಡಿದೆಯಂತೆ, ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಬಹುದಾ ಎಂದು ಕೇಳಿದ್ದೀಯ. ಅಲ್ಲಿ ಯಾರೂ ಕೇಳುವುದಿಲ್ಲ, ಒಂದು ಗನ್ ಇಟ್ಟುಕೊಳ್ಳಿ ಎಂದು ನಿನ್ನ ಗಂಡನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದಾರಂತೆ, ಅದೂ ಸರಿಯಾ ಎಂದು ಕೇಳಿದ್ದೀಯ.

ಗನ್ ವಿಷಯ ಮೊದಲು. ಬೇಡ. ಎಚ್‌-1ಬಿ, ಎಚ್‌-4 ವೀಸಾದವರು (ಕೆಲಸಕ್ಕೆ ಬಂದವರು, ಅವರ ಮನೆಯವರು) ಗನ್ ಅಥವಾ ಗುಂಡು ಇಟ್ಟುಕೊಳ್ಳುವುದು ಫೆಡರಲ್, ಅಂದರೆ ಇಡೀ ದೇಶದ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳಬೇಡಿ. ಸಿಕ್ಕಿಬಿದ್ದರೆ ಗ್ರೀನ್ ಕಾರ್ಡಿನ ಆಸೆಯೂ ಅಲ್ಲಿಗೇ ಮುಗಿಯಬಹುದು. ಕೌಂಟಿಯ ನಿರ್ಣಯ ಅದನ್ನು ತಡೆಯುವುದಿಲ್ಲ.

ಕೊಡಗಿನವಳು, ತವರಿನಲ್ಲಿ ಕೋವಿ ನೋಡಿಕೊಂಡೇ ಬೆಳೆದವಳು ಎಂದು ಬರೆದಿದ್ದೀಯ. ಹಾಗಾದರೆ ನಿನಗೆ ಇದು ಬೇಗ ಅರ್ಥವಾಗುತ್ತದೆ. ಕೊಡವರಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಕೊಟ್ಟದ್ದು ಕೇಂದ್ರ ಸರ್ಕಾರ. ಇಲ್ಲಿ ಕೌಂಟಿಗಳು ತಮ್ಮ ಕೈಯಲ್ಲಿ ಇಲ್ಲದ ವಿನಾಯಿತಿಯನ್ನು ತಾವೇ ಕೊಟ್ಟುಕೊಂಡಿವೆ. ವರ್ಜೀನಿಯಾದಲ್ಲಿ ರಾಜ್ಯ ಎಷ್ಟು ಅಧಿಕಾರ ಕೊಟ್ಟಿದೆಯೋ ಕೌಂಟಿಗೆ ಅಷ್ಟೇ. ಈ ನಿರ್ಣಯಗಳಿಗೆ ಕಾನೂನಿನ ಬಲವಿಲ್ಲ ಎಂದು ರಾಜ್ಯದ ಆಗಿನ ಅಟಾರ್ನಿ ಜನರಲ್ ಮಾರ್ಕ್ ಹೆರಿಂಗ್ 2019ರ ಡಿಸೆಂಬರ್‌ನಲ್ಲೇ ಲಿಖಿತ ಅಭಿಪ್ರಾಯ ಕೊಟ್ಟಿದ್ದರು.

ಇದೆಲ್ಲ ಶುರುವಾದದ್ದೂ ಅದೇ ವರ್ಷ. ಮೇ 31ರಂದು ವರ್ಜೀನಿಯಾ ಬೀಚ್‌ನ ಸರ್ಕಾರಿ ಕಚೇರಿಯಲ್ಲಿ ಒಬ್ಬ ನೌಕರ 12 ಜನರನ್ನು ಕೊಂದ. ನವೆಂಬರ್‌ನಲ್ಲಿ ಡೆಮಾಕ್ರಟ್‌ರು ರಾಜ್ಯದ ಶಾಸನಸಭೆಯ ಎರಡೂ ಸದನ ಗೆದ್ದರು, ಗನ್ ಕಾನೂನು ಬಿಗಿ ಮಾಡುತ್ತೇವೆ ಎಂದರು. ಕೆಲವೇ ವಾರಗಳಲ್ಲಿ 95 ಕೌಂಟಿಗಳ ಪೈಕಿ ಹೆಚ್ಚಿನವು ‘ನಾವು ಎರಡನೇ ತಿದ್ದುಪಡಿಯ ಆಶ್ರಯತಾಣ’ ಎಂದು ನಿರ್ಣಯ ಮಾಡಿದವು. ಗನ್ ಇಟ್ಟುಕೊಳ್ಳುವ ಹಕ್ಕು ಕೊಡುವುದು ಇಲ್ಲಿನ ಸಂವಿಧಾನದ ಆ ತಿದ್ದುಪಡಿಯೇ. ನಮ್ಮವರು ಜಾಸ್ತಿ ಇರುವ ಫೇರ್‌ಫ್ಯಾಕ್ಸ್, ಲೌಡನ್ ಮಾಡಲಿಲ್ಲ.

ಅಂಥ ಒಂದು ಸಭೆಗೆ ನಾನೂ ಹೋಗಿದ್ದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಜಾಕೆಟ್ ಮೇಲೂ ದುಂಡನೆಯ ಕಿತ್ತಳೆ ಬಣ್ಣದ ಸ್ಟಿಕರ್, ‘ಗನ್ಸ್ ಸೇವ್ ಲೈವ್ಸ್’ (ಗನ್ ಜೀವ ಉಳಿಸುತ್ತದೆ) ಎಂದು. ವಯಸ್ಸಾದ ರೈತರೊಬ್ಬರು ಮೈಕ್ ಹಿಡಿದು, ‘ನಾನು ಫೋನ್ ಮಾಡಿದರೆ ಪೊಲೀಸರು ನನ್ನ ಹೊಲಕ್ಕೆ ಬರಲು ಅರ್ಧ ಗಂಟೆಯಾಗುತ್ತದೆ. ಅಲ್ಲಿಯವರೆಗೆ ನಾನೇನು ಮಾಡಲಿ?’ ಎಂದು ಕೇಳಿದರು. ಕೂಗಲಿಲ್ಲ, ಬೈಯಲಿಲ್ಲ. ಅವರ ಭಯ ನಿಜ. ಆದರೆ ಕೊನೆಗೆ ಬಂದ ಕಾನೂನುಗಳು ಅವರ ಗನ್ ಕಿತ್ತುಕೊಳ್ಳಲಿಲ್ಲ. 2020ರ ಜುಲೈ 1ರಿಂದ ಜಾರಿಗೆ ಬಂದದ್ದು ಖಾಸಗಿ ಮಾರಾಟದಲ್ಲೂ ಕೊಳ್ಳುವವರ ಹಿನ್ನೆಲೆ ಪರಿಶೀಲನೆ, ತಿಂಗಳಿಗೆ ಒಂದೇ ಹ್ಯಾಂಡ್‌ಗನ್ ಖರೀದಿ, ಮತ್ತು ರೆಡ್ ಫ್ಲಾಗ್ ಕಾನೂನು.

ನಿರ್ಣಯ ಬರೀ ಕಾಗದ ಎಂದು ಸುಮ್ಮನಿರಲು ನನಗೆ ಆಗದಿರುವುದು ಈ ರೆಡ್ ಫ್ಲಾಗ್‌ನಿಂದಲೇ. ಒಬ್ಬ ತನಗೋ ಬೇರೆಯವರಿಗೋ ಅಪಾಯ ಮಾಡುವ ಹಾಗಿದ್ದರೆ ಅವನ ಗನ್‌ಗಳನ್ನು ತಾತ್ಕಾಲಿಕವಾಗಿ ದೂರ ಇಡಲು ಕೋರ್ಟ್ ಆದೇಶ ಕೊಡಬಹುದು. ಮೊದಲು 14 ದಿನ, ಆಮೇಲೆ 180 ದಿನದವರೆಗೆ. ಆದರೆ ವರ್ಜೀನಿಯಾದಲ್ಲಿ ಹೆಂಡತಿಯೋ ತಾಯಿಯೋ ನೇರವಾಗಿ ಅರ್ಜಿ ಹಾಕುವಂತಿಲ್ಲ. ಪೊಲೀಸರು ಅಥವಾ ಸರ್ಕಾರಿ ವಕೀಲರೇ ಹಾಕಬೇಕು. ಇಂಥ ನಿರ್ಣಯ ನೆಚ್ಚಿಕೊಂಡು ಅವರು ಮನಸ್ಸು ಮಾಡದಿದ್ದರೆ ಆ ತಾಯಿಗೆ ಕಾನೂನು ಇದ್ದೂ ಇಲ್ಲದ ಹಾಗೆ.

2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ (ಅದೊಂದು ವಿಶ್ವವಿದ್ಯಾಲಯ) ಒಬ್ಬನ ಗುಂಡಿಗೆ 32 ಜನ ಸತ್ತರು. ಅವರಲ್ಲಿ ಭಾರತದಿಂದ ಬಂದಿದ್ದ ಒಬ್ಬ ಪ್ರೊಫೆಸರ್, ಒಬ್ಬ ವಿದ್ಯಾರ್ಥಿನಿಯೂ ಇದ್ದರು. ಗುಂಡು ಹಾರಿಸಿದವನು ಮಾನಸಿಕ ಕಾಯಿಲೆಯಿಂದ ತನಗೇ ಅಪಾಯ ಮಾಡಿಕೊಳ್ಳಬಹುದು ಎಂದು ನ್ಯಾಯಾಧಿಕಾರಿಯೊಬ್ಬರು 2005ರಲ್ಲೇ ಹೇಳಿದ್ದರು. ಆ ಮಾಹಿತಿ ಗನ್ ಮಾರಾಟದ ಪರಿಶೀಲನಾ ಪಟ್ಟಿಗೆ ಹೋಗಲೇ ಇಲ್ಲ. ಅವನು ಅಂಗಡಿಗೆ ಹೋಗಿ ಗನ್ ಕೊಂಡ. ನೆನಪಾದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ನಮ್ಮ ಎಸ್‌ಪಿ ಇದ್ದ ಹಾಗಲ್ಲ. ಅವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ, ವರ್ಗಾವಣೆ ಎಂಬುದೇ ಇಲ್ಲ. ಹೊಸ ಕಾನೂನು ಬಂದರೆ ಸಾವಿರಾರು ಜನರನ್ನು ಸಹಾಯಕ ಡೆಪ್ಯುಟಿಗಳನ್ನಾಗಿ (ಶೆರಿಫ್ ಕೈಕೆಳಗಿನ ಅಧಿಕಾರಿಗಳನ್ನಾಗಿ) ಮಾಡಿ ಗನ್ ಹಕ್ಕು ಉಳಿಸುತ್ತೇನೆ ಎಂದು ಕಲ್ಪೆಪರ್‌ನ ಆಗಿನ ಶೆರಿಫ್ ಸ್ಕಾಟ್ ಜೆಂಕಿನ್ಸ್ 2019ರಲ್ಲಿ ಹೇಳಿ ದೇಶಕ್ಕೆಲ್ಲ ಸುದ್ದಿಯಾಗಿದ್ದರು. 2023ರ ಚುನಾವಣೆಯಲ್ಲಿ ಅವರು ಸೋತರು. ಲಂಚ ತೆಗೆದುಕೊಂಡು ಅದೇ ಸಹಾಯಕ ಡೆಪ್ಯುಟಿ ಬ್ಯಾಡ್ಜ್ ಹಂಚಿದ್ದಕ್ಕೆ 2024ರ ಡಿಸೆಂಬರ್‌ನಲ್ಲಿ ಫೆಡರಲ್ ಜ್ಯೂರಿ ತಪ್ಪಿತಸ್ಥ ಎಂದಿತು. ಮರುವರ್ಷ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಅದಕ್ಕೇ ಹೇಳುತ್ತೇನೆ, ಮನೆ ನೋಡುವಾಗ ಶಾಲೆಯ ರೇಟಿಂಗ್ ಜೊತೆಗೆ ಅಲ್ಲಿನ ಶೆರಿಫ್ ಯಾರು, ಏನು ಹೇಳುತ್ತಾರೆ ಎಂಬುದನ್ನೂ ನೋಡು.

ಕಲ್ಪೆಪರ್ ಬೇಡ ಎಂದು ನಾನು ಹೇಳುವುದಿಲ್ಲ. ಮನೆ ಇಷ್ಟವಾಗಿದ್ದರೆ ಹೋಗಿ, ಆ ಕಡೆಯ ಜನ ಒಳ್ಳೆಯವರು. ಆದರೆ ಮಕ್ಕಳನ್ನು ಬೇರೆಯವರ ಮನೆಗೆ ಆಟಕ್ಕೆ ಕಳಿಸುವ ಮೊದಲು ‘ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿ ಇಟ್ಟಿದ್ದೀರಾ’ ಎಂದು ಕೇಳು. ಸಂಕೋಚ ಬೇಡ, ಇಲ್ಲಿನ ಎಷ್ಟೋ ತಾಯಂದಿರು ಕೇಳುತ್ತಾರೆ. ಉತ್ತರ ಸಮಾಧಾನ ಕೊಡದಿದ್ದರೆ ಅವರ ಮಕ್ಕಳನ್ನೇ ನಿಮ್ಮ ಮನೆಗೆ ಕರೆ.