ಮೊಡವೆ ಮಾತ್ರೆ ತಗೊಂಡ ಮೇಲೆ ನೀಲಿ ಕಲೆ ಬಂದಿದ್ದರೆ

ತಿಂಗಳುಗಟ್ಟಲೆ ಮಿನೊಸೈಕ್ಲಿನ್ ಅನ್ನೋ ಮೊಡವೆ ಮಾತ್ರೆ ನುಂಗಿದ ಮೇಲೆ ಹಳೇ ಮೊಡವೆ ಗುರುತುಗಳೂ ಮೊಣಕಾಲಿನ ಕೆಳಭಾಗವೂ ನೀಲಿ-ಬೂದು ಆಗಿವೆ ಅಂದಿದ್ದೀರಿ. ಬಹುಶಃ ಅದು ಮಾತ್ರೆಯದ್ದೇ ಕೆಲಸ. ಮೊಡವೆ ಮಾಯ್ದ ಕಲೆ ಸಾಮಾನ್ಯವಾಗಿ ಕಂದು ಇರುತ್ತದೆ, ಮೊಡವೆಯೇ ಇಲ್ಲದ ಕಾಲಿಗೆ ಬರುವುದಿಲ್ಲ ಅಲ್ವಾ? ಆದರೂ ಚರ್ಮದ ಡಾಕ್ಟರು ನೋಡದೆ ಖಚಿತ ಅನ್ನಲಾಗದು.

ಮಾತ್ರೆ ಬರೆದುಕೊಟ್ಟವರಿಗೆ ಇವತ್ತೇ ಫೋನ್ ಮಾಡಿ, ನಿಲ್ಲಿಸಿ ಬೇರೆ ಔಷಧಿ ಕೊಡಲು ಕೇಳಿ. ತಲೆನೋವಿನ ಜೊತೆ ಕಣ್ಣು ಮಂಜಾಗುತ್ತಿದ್ದರೆ ಫೋನ್ ಸಾಲದು, ಕೂಡಲೇ ಆಸ್ಪತ್ರೆಗೆ ಹೋಗಿ.

ಆಮೇಲೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಒಸಡು, ಉಗುರಿನ ಬುಡ, ಕಣ್ಣಿನ ಬಿಳಿಭಾಗಕ್ಕೂ ಆ ಬಣ್ಣ ಬಂದಿದೆಯಾ ನೋಡಿಕೊಳ್ಳಿ. ಕಲೆಗಳ ಫೋಟೋ ತೆಗೆದಿಡಿ. ನೀವು ಸಕಲೇಶಪುರದ ಕಡೆಯವರಾದ್ದರಿಂದ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗ ಹತ್ತಿರ. ಖಾಲಿ ಸ್ಟ್ರಿಪ್ ಜೊತೆಗಿರಲಿ.

ತೋಟದಲ್ಲಿ ನೆರಳಿದ್ದರೂ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೊಡುವ ಬೆಳ್ಳಗಾಗುವ ಕ್ರೀಮ್ ದಯವಿಟ್ಟು ಬೇಡ. ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೊಡವೆ ಇನ್ನೂ ಜಾಸ್ತಿಯಾಗುತ್ತದೆ.

ಮಾತ್ರೆ ನಿಂತ ಮೇಲೆ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ. ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳು. ನನ್ನ ತಂಗಿಗೆ ಕೆನ್ನೆಯದ್ದು ಮೊದಲು ಹೋಯಿತು, ಕಾಲಿನದ್ದು ತಡವಾಯಿತು. ಹೋಗದೇ ಉಳಿದರೆ ಕಲೆಯ ಬಣ್ಣ ತೆಗೆಯುವ ಕ್ಯೂ-ಸ್ವಿಚ್ಡ್ ಲೇಸರ್ ಬಗ್ಗೆ ಚರ್ಮದ ಡಾಕ್ಟರನ್ನೇ ಕೇಳಿ.