ರಾಜೀನಾಮೆಯ ಮಾತು ಆಮೇಲೆ, ಮೊದಲು ಮಗನ ಉಸಿರು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವಕ್ಕೆ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಬರೆದವರು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪ್ರೌಢಶಾಲೆಯ ಶಿಕ್ಷಕಿ. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಅವರ 14 ವರ್ಷದ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲಗುಂದುತ್ತ ಹೋಗುವ, ಬಹುಮಟ್ಟಿಗೆ ಗಂಡುಮಕ್ಕಳಲ್ಲೇ ಕಾಣಿಸಿಕೊಳ್ಳುವ ಕಾಯಿಲೆ. ಆರನೆಯ ವಯಸ್ಸಿನಲ್ಲಿ ಕಾಯಿಲೆ ಗೊತ್ತಾಯಿತು, ಹನ್ನೊಂದಕ್ಕೆ ನಡಿಗೆ ನಿಂತಿತು, ಈಗ ಮಲಗಿದಲ್ಲಿ ತಾನಾಗಿ ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ರಾತ್ರಿ ಐದಾರು ಬಾರಿ ತಾಯಿಯನ್ನು ಕರೆಯುತ್ತಾನೆ. ಹಗಲಿನಲ್ಲಿ ಪಾಠ ಮಾಡುತ್ತಿರುವಾಗಲೇ ಅವರಿಗೆ ತೂಕಡಿಕೆ ಬರುತ್ತಿದೆ, ಮುಖ್ಯೋಪಾಧ್ಯಾಯರು ಈಗಾಗಲೇ ಎರಡು ಬಾರಿ ಕರೆದು ಎಚ್ಚರಿಸಿದ್ದಾರೆ, ಮನೆಯವರೆಲ್ಲ ಒಂದೇ ಸಮನೆ ಕೆಲಸ ಬಿಟ್ಟುಬಿಡು ಎನ್ನುತ್ತಿದ್ದಾರೆ. ರಾಜೀನಾಮೆ ಕೊಡಲೇ ಬೇಡವೇ ಎಂಬುದು ಅವರ ಪ್ರಶ್ನೆ.

ತಾಯಿ, ನಿಮ್ಮ ಪತ್ರದ ಮೂರು ಪುಟಗಳಲ್ಲಿ ನೌಕರಿಯ ವಿಚಾರವೇ ಎರಡು ಪುಟದಷ್ಟಿದೆ. ಆದರೆ ನನ್ನ ಕಣ್ಣು ಸಿಕ್ಕಿಕೊಂಡದ್ದು ನೀವು ಹೋಗುತ್ತ ಹೋಗುತ್ತ ಬರೆದುಬಿಟ್ಟಿರುವ ಒಂದು ವಾಕ್ಯದಲ್ಲಿ. “ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಎನ್ನುತ್ತಾನೆ, ತಿಂಡಿ ಮುಟ್ಟುವುದಿಲ್ಲ, ಹತ್ತು ಗಂಟೆಯ ಹೊತ್ತಿಗೆ ಸರಿಹೋಗುತ್ತಾನೆ, ನಿದ್ದೆ ಸಾಲದೆ ಇರಬೇಕು” ಎಂದು ಬರೆದು, ಮುಂದಿನ ಸಾಲಿನಲ್ಲಿಯೇ ಮತ್ತೆ ಶಾಲೆಯ ವಿಷಯಕ್ಕೆ ಹೋಗಿದ್ದೀರಿ. ನಿದ್ದೆ ಸಾಲದೆ ಆಗಿರಬಹುದು. ಆದರೆ ಈ ಕಾಯಿಲೆಯ ಹುಡುಗನೊಬ್ಬ ರಾತ್ರಿ ಪದೇ ಪದೇ ಎಚ್ಚರಗೊಳ್ಳುತ್ತಿದ್ದು, ಬೆಳಿಗ್ಗೆ ತಲೆನೋವೆನ್ನುತ್ತ, ತಿಂಡಿ ಬೇಡವೆನ್ನುತ್ತ, ಹಗಲಿನಲ್ಲಿ ಮಂಕಾಗಿ ಕೂರುತ್ತಿದ್ದಾನೆಂದರೆ, ರಾತ್ರಿ ಅವನ ಉಸಿರಾಟ ಸಾಕಾಗುತ್ತಿಲ್ಲವೇ ಎಂದು ವೈದ್ಯರು ಮೊದಲು ಅನುಮಾನಿಸಬೇಕು. ಕಾಲು, ತೊಡೆ, ತೋಳುಗಳ ಸ್ನಾಯು ಸೋತ ಹಾಗೆಯೇ ಈ ಕಾಯಿಲೆಯಲ್ಲಿ ಎದೆಯ ಸ್ನಾಯುಗಳೂ ಎದೆಗೂ ಹೊಟ್ಟೆಗೂ ನಡುವಿನ ವಪೆಯೂ ನಿಧಾನವಾಗಿ ಸೋಲುತ್ತವೆ. ಕನಸು ಬೀಳುವ ಹೊತ್ತಿನ ನಿದ್ರೆಯಲ್ಲಿ ಉಸಿರಾಟದ ಉಳಿದ ಸ್ನಾಯುಗಳು ಸಡಿಲಗೊಂಡು ಎಲ್ಲ ಭಾರವೂ ವಪೆಯೊಂದರ ಮೇಲೆಯೇ ಬೀಳುವುದರಿಂದ, ಹಗಲು ಸರಿಯಾಗಿಯೇ ಉಸಿರಾಡುವ ಹುಡುಗನಿಗೂ ರಾತ್ರಿಯಲ್ಲಿ ಉಸಿರು ಸಾಲದೆ ಹೋಗುತ್ತದೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಹೊಗೆ ಕಟ್ಟಿಕೊಂಡಂತೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಬೆಳಗಿನ ತಲೆನೋವು ಅದರಿಂದ ಬರುತ್ತದೆ. ಎದ್ದು ಕುಳಿತು ಒಂದೆರಡು ಗಂಟೆ ಉಸಿರಾಡಿದ ಮೇಲೆ ಅದು ಕಡಿಮೆಯಾಗುವುದು ಸಹಜ. ಹತ್ತು ಗಂಟೆಗೆ ಸರಿಹೋಗುತ್ತಾನೆ ಎಂದು ನೀವು ಸಮಾಧಾನಕ್ಕೆ ಬರೆದ ಮಾತೇ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿತು.

ಅವನು ನಿಮ್ಮನ್ನು ಏಕೆ ಕರೆಯುತ್ತಾನೆ ಎಂಬುದನ್ನೂ ನೀವು ಬರೆದಿದ್ದೀರಿ. ಒಮ್ಮೆ ಮಂಡಿ ಮಡಚಿಕೊಡು ಎನ್ನುತ್ತಾನೆ, ಒಮ್ಮೆ ಎರಡು ಕಾಲುಗಳ ನಡುವಿನ ದಿಂಬು ಜಾರಿದೆ ಎನ್ನುತ್ತಾನೆ, ಇನ್ನೊಮ್ಮೆ “ಅಮ್ಮಾ, ಕಿವಿ ಮಡಚಿಕೊಂಡಿದೆ” ಎನ್ನುತ್ತಾನೆ. ತಲೆಯ ಭಾರದಡಿ ಮಡಚಿಹೋದ ಕಿವಿಯನ್ನು ಬಿಡಿಸಿಕೊಳ್ಳಲಾಗದೆ ಕತ್ತಲಲ್ಲಿ ಕಾಯುತ್ತಿರುವ ಹುಡುಗ ಕರೆಯುವುದು ನ್ಯಾಯವೇ, ಅದರಲ್ಲಿ ಹಟವಿಲ್ಲ, ಮುದ್ದಿನ ಅತಿಯೂ ಇಲ್ಲ. ಆದರೆ ಈ ಸಣ್ಣ ಸಣ್ಣ ತೊಂದರೆಗಳು ಪ್ರತಿ ಬಾರಿಯೂ ಅವನನ್ನು ಎಚ್ಚರಿಸುತ್ತಿವೆಯೇ, ಅಥವಾ ಉಸಿರು ಸಾಲದೆ ಎಚ್ಚರವಾದ ಮೇಲೆ ಇವು ಅವನ ಗಮನಕ್ಕೆ ಬರುತ್ತಿವೆಯೇ ಎಂಬುದು ಮನೆಯಲ್ಲಿ ಕುಳಿತು ತೀರ್ಮಾನವಾಗುವ ಸಂಗತಿಯಲ್ಲ. ಕಳೆದ ಬಾರಿ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಎರಡು ವರ್ಷವಾಯಿತು, ವೀಲ್‌ಚೇರ್ ಜೊತೆ ಪ್ರಯಾಣ ಕಷ್ಟ ಎಂದು ಬರೆದಿದ್ದೀರಿ. ಕಷ್ಟವೆಂಬುದು ನನಗೆ ಅರ್ಥವಾಗುತ್ತದೆ. ಆದರೂ ನಡಿಗೆ ನಿಂತ ಮೇಲೆ ಇಂಥ ಮಕ್ಕಳ ಶ್ವಾಸಕೋಶದ ಪರೀಕ್ಷೆ ಆರು ತಿಂಗಳಿಗೊಮ್ಮೆ, ಹೃದಯದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು.

ಪರೀಕ್ಷೆಗಳೇನೂ ಹಿಂಸೆಯವಲ್ಲ. ಸ್ಪೈರೋಮೆಟ್ರಿ ಎಂದರೆ ಕೊಳವೆಯೊಂದಕ್ಕೆ ಶಕ್ತಿಯಿದ್ದಷ್ಟು ಊದುವುದು. ಅದರಲ್ಲಿ ಅವನ ವಯಸ್ಸಿಗೆ ಎತ್ತರಕ್ಕೆ ಇರಬೇಕಾದ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಬಂದರೆ ರಾತ್ರಿ ಉಸಿರಾಟಕ್ಕೆ ನೆರವು ಬೇಕೆಂದೇ ಲೆಕ್ಕ. ಅದರ ಜೊತೆಗೆ ಒಂದು ರಾತ್ರಿ ನಿದ್ರೆಯಲ್ಲಿರುವಾಗ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಮಟ್ಟವನ್ನು ಅಳೆಯುತ್ತಾರೆ. ನೆರವು ಬೇಕೆಂದಾದರೆ ಬೈಪ್ಯಾಪ್ ಎಂಬ ಪುಟ್ಟ ಯಂತ್ರವನ್ನು ಬರೆದುಕೊಡುತ್ತಾರೆ. ಮೂಗಿಗೋ ಮೂಗು ಬಾಯಿ ಎರಡಕ್ಕೋ ಮುಖವಾಡದಂಥ ಮಾಸ್ಕ್ ಕಟ್ಟಿಕೊಂಡು ಮಲಗಿದರೆ, ಅವನು ಉಸಿರೆಳೆದಾಗಲೆಲ್ಲ ಯಂತ್ರ ಗಾಳಿಯನ್ನು ಒತ್ತಿಕೊಡುತ್ತದೆ. ಮೊದಲ ಕೆಲವು ರಾತ್ರಿ ಮಕ್ಕಳು ಕಿತ್ತೆಸೆಯುವುದುಂಟು. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಸಿ ಅಭ್ಯಾಸ ಮಾಡಿಸಬೇಕು. ಕೊಳ್ಳಲು ದುಬಾರಿಯಾದರೆ ಬಾಡಿಗೆಗೂ ಸಿಗುತ್ತದೆ. ನಿಮ್ಮ ಊರಿನಲ್ಲಿ ಕರೆಂಟು ಹೋಗುವುದು ಹೊಸತಲ್ಲವಾದ್ದರಿಂದ ಯುಪಿಎಸ್ ವ್ಯವಸ್ಥೆಯ ಬಗ್ಗೆ ಅಲ್ಲಿಯೇ ಕೇಳಿಕೊಂಡು ಬನ್ನಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯರು 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1960ರ ದಶಕದಲ್ಲಿ ಈ ಕಾಯಿಲೆಯ ಹುಡುಗರು ಸರಾಸರಿ 14 ವರ್ಷಕ್ಕೆ ತೀರಿಕೊಳ್ಳುತ್ತಿದ್ದರು. 1990ರಿಂದೀಚೆಗೆ ಇಂಥ ಉಸಿರಾಟದ ನೆರವು ಪಡೆದವರ ಸರಾಸರಿ ಆಯಸ್ಸು 25 ದಾಟಿತ್ತು. ಈ ಅಂಕಿಗಳನ್ನು ನಿಮ್ಮ ಮುಂದೆ ಇಡಲು ನನಗೆ ಸಂಕಟವಾಗುತ್ತದೆ. ಆದರೂ ಇಡುತ್ತಿದ್ದೇನೆ, ಏಕೆಂದರೆ ಕಾಯಿಲೆ ಗುಣವಾಗುವುದಿಲ್ಲ ಎಂಬ ಮಾತನ್ನು ಎಂಟು ವರ್ಷದಿಂದ ಕೇಳುತ್ತ ಬಂದಿರುವ ನಿಮಗೆ, ಗುಣವಾಗದ ಕಾಯಿಲೆಯಲ್ಲೂ ಮಾಡಲು ಎಷ್ಟೊಂದಿದೆ ಎಂಬುದನ್ನು ಯಾರೂ ಹೇಳಿದಂತಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನವರು ರಾತ್ರಿ ಚೆನ್ನಾಗಿ ನಿದ್ದೆ ಬರಲೆಂದು ಕೊಟ್ಟಿರುವ ಸಿರಪ್ಪನ್ನು ಇಂದಿನಿಂದಲೇ ನಿಲ್ಲಿಸಿ. ನಿದ್ದೆ ಬರಿಸುವ ಔಷಧಗಳು ಸೋತ ಉಸಿರನ್ನು ಇನ್ನಷ್ಟು ಕುಗ್ಗಿಸಬಹುದು. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ನೀವಾಗಿ ನಿಲ್ಲಿಸಬೇಡಿ.

ಇನ್ನು ನಿಮ್ಮ ಭಾವನವರ ವಿಷಯ. ಯುಗಾದಿಯ ಊಟಕ್ಕೆ ಎಲ್ಲರೂ ಕುಳಿತಿದ್ದಾಗ, ಮೊಬೈಲಿನಲ್ಲಿ ಓದಿದ್ದನ್ನು ಹಿಡಿದುಕೊಂಡು “ಇದು ತಾಯಿ ಕಡೆಯಿಂದ ಬರುವ ಕಾಯಿಲೆಯಂತೆ” ಎಂದು ಅವರು ಘೋಷಿಸಿದರು, ಯಾರೂ ಏನೂ ಮಾತನಾಡಲಿಲ್ಲ, ಅಂದಿನಿಂದ ರಾತ್ರಿ ಯಜಮಾನರನ್ನು ಎಬ್ಬಿಸುವುದನ್ನು ನಾನೇ ಬಿಟ್ಟೆ ಎಂದು ಬರೆದಿದ್ದೀರಿ. ನನ್ನಿಂದ ಬಂದದ್ದನ್ನು ನಾನೇ ನೋಡಿಕೊಳ್ಳಬೇಕಲ್ಲವೇ ಎಂದು ಕೇಳಿದ್ದೀರಿ. ನನಗೆ ಈ ಪತ್ರದಲ್ಲಿ ಸಿಟ್ಟು ಬಂದದ್ದು ಈ ಒಬ್ಬ ಮನುಷ್ಯನ ಮೇಲೆ. ಅರ್ಧ ತಿಳಿದ ವಿಜ್ಞಾನವನ್ನು ತುಂಬಿದ ಮನೆಯಲ್ಲಿ ಒಬ್ಬ ಹೆಂಗಸಿನ ಮೇಲೆ ಎಸೆದು, ತಾವು ಎದ್ದು ಕೈತೊಳೆದುಕೊಂಡು ಹೋದರು. ಅದರ ಫಲವಾಗಿ ನೀವು ಇಷ್ಟು ತಿಂಗಳು ಒಬ್ಬರೇ ಎದ್ದಿದ್ದೀರಿ. ಈ ಕಾಯಿಲೆಯ ದೋಷ ಎಕ್ಸ್ ವರ್ಣತಂತುವಿನಲ್ಲಿರುವುದು ನಿಜ, ಮಗನಿಗೆ ಆ ವರ್ಣತಂತು ತಾಯಿಯಿಂದಲೇ ಬರುವುದೂ ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ತಾಯಿಯ ರಕ್ತಪರೀಕ್ಷೆಯಲ್ಲಿ ಆ ದೋಷ ಇರುವುದೇ ಇಲ್ಲ, ಮಗುವಿನಲ್ಲಿ ಹೊಸದಾಗಿ ಹುಟ್ಟಿರುತ್ತದೆ. ನಿಮ್ಮಲ್ಲಿ ಇದ್ದರೂ ಅದನ್ನು ನೀವು ಆರಿಸಿ ಕೊಟ್ಟದ್ದಲ್ಲ. ತಂದೆಯಿಂದ ಬಂದ ಕಣ್ಣಿನ ಬಣ್ಣಕ್ಕೆ ತಂದೆಯನ್ನು ಯಾರೂ ರಾತ್ರಿ ಕಾವಲಿಗೆ ಕೂರಿಸುವುದಿಲ್ಲ. ನಿಮ್ಮ ಭಾವ ಪೂರ್ತಿ ಓದಿದ್ದರೆ ಅವರಿಗೆ ಇನ್ನೊಂದು ವಿಷಯವೂ ತಿಳಿಯುತ್ತಿತ್ತು: ಈ ದೋಷವನ್ನು ಹೊತ್ತ ತಾಯಂದಿರಿಗೆ ಕೈಕಾಲು ಗಟ್ಟಿಯಾಗಿಯೇ ಇದ್ದರೂ ಹೃದಯದ ಸ್ನಾಯು ದುರ್ಬಲವಾಗುವ ಸಾಧ್ಯತೆಯಿರುತ್ತದೆ, ಆದ್ದರಿಂದ ಅವರ ಹೃದಯವನ್ನೂ ಎಕೋ ಮಾಡಿಸಿ ನೋಡುತ್ತಿರಬೇಕು. ಆ ಯುಗಾದಿಯ ದಿನ ಮನೆಯಲ್ಲಿ ಬರಬೇಕಾಗಿದ್ದ ಮಾತು ಅದು. ಮಗನ ಜೊತೆಗೆ ನಿಮ್ಮ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಪದವಿ ಓದುತ್ತಿರುವ ಮಗಳಿಗೂ ಯಾವ ಪರೀಕ್ಷೆ ಬೇಕಾಗಬಹುದೆಂದು ತಳಿವಿಜ್ಞಾನದ ವೈದ್ಯರನ್ನು ಕೇಳಿ, ಆದರೆ ಅದಕ್ಕೆ ಅವಸರವಿಲ್ಲ.

ನಿಮ್ಮ ಯಜಮಾನರ ಬಗ್ಗೆ ನನಗೆ ಅಷ್ಟು ಕೋಪವಿಲ್ಲ. ಗೊಬ್ಬರದ ಅಂಗಡಿ ಬೆಳಿಗ್ಗೆ ಏಳಕ್ಕೆ ತೆರೆಯಬೇಕೆಂದು ಮಹಡಿಯ ಮೇಲೆ ಮಲಗುತ್ತಾರೆ ಎಂಬುದನ್ನು ಓದಿದಾಗ ಕೋಪ ಬಂದಿತ್ತು, ಆದರೆ ಅದೇ ಪುಟದ ಕೊನೆಯಲ್ಲಿ ನೀವು ಬರೆದಿದ್ದೀರಿ, ಅಂಗಡಿಗೆ ಹೊರಡುವ ಮೊದಲು 40 ಕಿಲೋ ತೂಗುವ ಮಗನನ್ನು ಪ್ರತಿದಿನವೂ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುವವರು ಅವರೇ ಎಂದು. ಮಗನನ್ನು ಎಲ್ಲಿ ಹಿಡಿದರೆ ನೋವಾಗುವುದಿಲ್ಲ ಎಂಬುದು ಆ ಕೈಗಳಿಗೆ ಗೊತ್ತು. ಒಂದು ಕೈ ಭುಜಕ್ಕೂ ಒಂದು ಕೈ ಸೊಂಟಕ್ಕೂ ಕೊಟ್ಟು ಒಟ್ಟಿಗೆ ಹೊರಳಿಸಿ, ಮೇಲಿನ ಮಂಡಿಯನ್ನು ಮುಂದಕ್ಕೆ ಮಡಚಿ ದಿಂಬಿಟ್ಟು, ಕಿವಿಯನ್ನು ನೇರಮಾಡಿ ಬರುವುದನ್ನು ಅವರು ಒಂದೇ ರಾತ್ರಿಯಲ್ಲಿ ಕಲಿಯುತ್ತಾರೆ. ನೀವು ಕರೆಯುವುದನ್ನು ಬಿಟ್ಟಿದ್ದೀರಿ, ಅವರು ಕೇಳುವುದನ್ನು ಬಿಟ್ಟಿದ್ದಾರೆ. ಅವರು ಇಂದಿನಿಂದಲೇ ಕೆಳಗೆ ಬಂದು ಮಲಗಲಿ, ಎರಡು ಗಂಟೆಯವರೆಗೆ ಒಬ್ಬರು, ಆಮೇಲೆ ಒಬ್ಬರು.

ನೌಕರಿಯ ಪ್ರಶ್ನೆಗೆ ಈಗ ಉತ್ತರ ಕೊಡಲು ನಾನು ಒಪ್ಪುವುದಿಲ್ಲ. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆಯೂ ಬರೆಯುತ್ತೇನೆ: ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಬದುಕಿನ ದೊಡ್ಡ ತೀರ್ಮಾನಗಳಿಗೆ ಕೈಹಾಕಬಾರದು. ನೀವು ತರಗತಿಯಲ್ಲಿ ತೂಕಡಿಸುತ್ತಿರುವುದು ಶಾಲೆಯ ತೊಂದರೆಯಲ್ಲ, ರಾತ್ರಿಯ ತೊಂದರೆ. ರಾತ್ರಿಯ ತೊಂದರೆಗೆ ಚಿಕಿತ್ಸೆಯಿದ್ದು ಅದು ಮಗನ ಉಸಿರಿನಿಂದ ಬಂದದ್ದಾದರೆ, ಕೆಲಸ ಬಿಟ್ಟು ಮನೆಯಲ್ಲಿ ಕುಳಿತರೂ ಅದು ಹಾಗೆಯೇ ಉಳಿಯುತ್ತದೆ, ಯಂತ್ರಕ್ಕೂ ಔಷಧಕ್ಕೂ ಬೇಕಾದ ಸಂಬಳ ಮಾತ್ರ ನಿಂತುಹೋಗುತ್ತದೆ. ಮಗನ ಕಾಯಿಲೆಯ ಕಾಗದಗಳನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ ಒಂದು ವಾರ ರಜೆ ಕೇಳಿ. ಮಸ್ಕ್ಯುಲರ್ ಡಿಸ್ಟ್ರೊಫಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಒಂದು ಎಂಬುದು ಅವರಿಗೂ ತಿಳಿದಿರಲಿ.

ಆ ರಜೆಯಲ್ಲಿ ನೀವು ಮಾಡಬೇಕಾದದ್ದು ಒಂದೇ ಕೆಲಸ. ಮುಂದಿನ ವಾರದೊಳಗೆ ನೀವಿಬ್ಬರೂ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ, ನಿಮ್ಹಾನ್ಸ್‌ನಂತೆ ಸ್ನಾಯುರೋಗಗಳಿಗೆಂದೇ ಪ್ರತ್ಯೇಕ ತಜ್ಞರಿರುವ ಆಸ್ಪತ್ರೆಯಲ್ಲಿ ಅವನ ಉಸಿರಾಟದ ಪರೀಕ್ಷೆ ಮಾಡಿಸಿ. ಹೊರಡುವ ದಿನದವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಅವನು ರಾತ್ರಿ ಕರೆದ ವೇಳೆಗಳನ್ನೂ ತಲೆನೋವು ಬಂದ ಬೆಳಗುಗಳನ್ನೂ ಬರೆದಿಡಿ. ಹಳೆಯ ರಿಪೋರ್ಟುಗಳ ಜೊತೆ ಅದನ್ನೂ ವೈದ್ಯರ ಮುಂದಿಟ್ಟು, ರಾತ್ರಿ ಉಸಿರು ಸಾಲುತ್ತಿದೆಯೇ ಎಂದು ನೇರವಾಗಿ ಕೇಳಿ. ಅಷ್ಟರೊಳಗೆ ಎಂದಾದರೂ ಅವನನ್ನು ಎಬ್ಬಿಸುವುದೇ ಕಷ್ಟವಾದರೆ, ಮಾತು ತೊದಲಿದರೆ, ತುಟಿ ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿನ ವೈದ್ಯರಿಗೆ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ, ಬರೀ ಆಕ್ಸಿಜನ್ ಕೊಟ್ಟು ಸುಮ್ಮನಾಗದೆ ಇಂಗಾಲದ ಡೈಆಕ್ಸೈಡ್ ಮಟ್ಟವನ್ನೂ ನೋಡಬೇಕೆಂದು ಕೇಳಿ, ಏಕೆಂದರೆ ಸ್ನಾಯು ಸೋತವರಲ್ಲಿ ಆಕ್ಸಿಜನ್ ಒಂದನ್ನೇ ಕೊಟ್ಟರೆ ಮೇಲುನೋಟಕ್ಕೆ ಸರಿಹೋದಂತೆ ಕಂಡು ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇರಬಹುದು.