ಐದು ವರ್ಷ ಕೂಡಿಟ್ಟ ಪಾಯಿಂಟ್ ಅರ್ಧ ಬೆಲೆಗೆ ಇಳಿದಿದೆ, ಈಗೇನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಐದು ವರ್ಷದಿಂದ ಒಂದು ಬ್ಯಾಂಕಿನ ಟ್ರಾವೆಲ್ ಕ್ರೆಡಿಟ್ ಕಾರ್ಡ್ ಬಳಸುತ್ತಿದ್ದೇನೆ. ವರ್ಷಕ್ಕೆ ಸುಮಾರು 3 ಲಕ್ಷ ರೂಪಾಯಿ ಖರ್ಚು ಅದರಲ್ಲೇ ಆಗುತ್ತದೆ. ನೂರು ರೂಪಾಯಿಗೆ 4 ಪಾಯಿಂಟ್. ವರ್ಷದ ಶುಲ್ಕ 5,000 ರೂಪಾಯಿ, ಜಿಎಸ್‌ಟಿ ಬೇರೆ. ಅಪ್ಪ ಅಮ್ಮನನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗಬೇಕೆಂದು ಒಂದನ್ನೂ ಮುಟ್ಟದೆ 60,000 ಪಾಯಿಂಟ್ ಕೂಡಿಸಿದ್ದೆ. ಮೊನ್ನೆ ಮೆಸೇಜ್ ಬಂತು. ಬರುವ ಒಂದನೇ ತಾರೀಖಿನಿಂದ ಒಂದು ಪಾಯಿಂಟಿಗೆ 1 ರೂಪಾಯಿ ಬದಲು 50 ಪೈಸೆಯಂತೆ. ವಿಮಾನ ನಿಲ್ದಾಣದಲ್ಲಿ ಕೂತು ವಿಶ್ರಮಿಸುವ ಲೌಂಜ್ ಬೇಕಿದ್ದರೆ ಮೂರು ತಿಂಗಳಿಗೆ 75,000 ರೂಪಾಯಿ ಖರ್ಚು ಮಾಡಿರಬೇಕಂತೆ. ಶುಲ್ಕ ಮಾತ್ರ ಒಂದು ಪೈಸೆ ಇಳಿದಿಲ್ಲ. ಇದು ಮೋಸ ಅಲ್ವಾ? ದೂರು ಕೊಡಬಹುದಾ? ಕಾರ್ಡ್ ಇಟ್ಟುಕೊಳ್ಳಲಾ, ಬಿಡಲಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ದೂರಿಗೆ ಆಮೇಲೂ ಸಮಯವಿದೆ, ಪಾಯಿಂಟಿಗೆ ಇಲ್ಲ. ಹೊಸ ದರ ಬರುವುದು ಒಂದನೇ ತಾರೀಖಿನಿಂದ. ಅಲ್ಲಿಯವರೆಗೆ ನಿಮ್ಮ 60,000 ಪಾಯಿಂಟಿಗೆ 60,000 ರೂಪಾಯಿ ಬೆಲೆ ಇದೆ. ಒಂದನೇ ತಾರೀಖು ಬಂದರೆ ಅದು 30,000. ಹಾಗಾಗಿ ಕಾಶಿ ಟಿಕೆಟನ್ನು ಈ ವಾರವೇ ಮಾಡಿಸಿ. ವಿಮಾನದ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಸಿಗುತ್ತದೆ. ಕೊನೆ ಕೊಯ್ಲು ಮುಗಿದು ಕೈ ಬಿಡುವಾಗುವ ದಿನ ನೋಡಿ ಹಾಕಿ.

ಬುಕ್ ಮಾಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಬ್ಯಾಂಕಿನ ಟ್ರಾವೆಲ್ ಪೋರ್ಟಲ್‌ನಲ್ಲಿರುವ ದರವನ್ನು ವಿಮಾನ ಕಂಪನಿಯ ವೆಬ್‌ಸೈಟಿನ ದರದ ಪಕ್ಕ ಇಟ್ಟು ನೋಡಿ. ಕೆಲವೊಮ್ಮೆ ಪೋರ್ಟಲ್‌ನಲ್ಲೇ ಜಾಸ್ತಿ ಇರುತ್ತದೆ, ಅಲ್ಲಿಗೆ ಪಾಯಿಂಟಿನ ಬೆಲೆ ಸದ್ದಿಲ್ಲದೆ ಕರಗಿತು. ಇನ್ನು ಕೆಲವು ಕಾರ್ಡ್‌ಗಳಲ್ಲಿ ಟಿಕೆಟ್ಟಿನ ಪೂರ್ತಿ ಹಣವನ್ನು ಪಾಯಿಂಟಿನಲ್ಲಿ ಕಟ್ಟಲು ಬಿಡುವುದಿಲ್ಲ, ಒಂದು ಪಾಲನ್ನು ದುಡ್ಡಿನಲ್ಲೇ ಕೊಡಬೇಕು. ಮೂರನೆಯದು ಮುಖ್ಯ. ಟಿಕೆಟ್ ರದ್ದಾದರೆ ಪಾಯಿಂಟ್ ವಾಪಸ್ ಬರುತ್ತದೋ ಇಲ್ಲವೋ ಕೇಳಿ. ಒಂದನೇ ತಾರೀಖಿನ ನಂತರ ವಾಪಸ್ ಬಂದರೆ ಅದಕ್ಕೆ 50 ಪೈಸೆಯ ಬೆಲೆಯೇ ಆಗಬಹುದು. ಅದಕ್ಕೇ ದಿನ ಗಟ್ಟಿಮಾಡಿಕೊಂಡೇ ಬುಕ್ ಮಾಡಿ.

ಇನ್ನು ದೂರಿನ ವಿಷಯ. 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕಾರ್ಡ್‌ಗಳಿಗೆಂದೇ ವಿವರವಾದ ನಿಯಮ ಹೊರಡಿಸಿತು. ಅದರ ಪ್ರಕಾರ ಬ್ಯಾಂಕು ಷರತ್ತು ಬದಲಿಸಬಹುದು, ಆದರೆ ಗ್ರಾಹಕರಿಗೆ 30 ದಿನ ಮೊದಲೇ ತಿಳಿಸಬೇಕು. ಬೇಡ ಅನ್ನಿಸಿದವರು ಕಾರ್ಡ್ ಬಿಡಲಿ ಎಂದೇ ಈ ಅವಧಿ. ಅಷ್ಟರೊಳಗೆ ಬಿಡದಿದ್ದರೆ ಒಪ್ಪಿಕೊಂಡಂತೆ ಲೆಕ್ಕ. ನಿಮಗೆ ಮೆಸೇಜ್ ಬಂದಿದ್ದು ಮೊನ್ನೆ, ಬದಲಾವಣೆ ಬರುವ ಒಂದರಿಂದ. ನಡುವೆ 30 ದಿನ ಇದೆಯಾ? ಎಣಿಸಿ. ಮೊದಲೇ ಈಮೇಲ್ ಕಳಿಸಿದ್ದರಾ ಅಂತಲೂ ಹುಡುಕಿ, ಇಂಥ ಪತ್ರಗಳು ಪ್ರಚಾರದ ಮೇಲ್‌ಗಳ ರಾಶಿಯಲ್ಲಿ ಮುಚ್ಚಿಹೋಗಿರುತ್ತವೆ. ದಿನ ಕಡಿಮೆ ಬಿದ್ದಿದ್ದರೆ ನಿಮ್ಮ ಕೈಯಲ್ಲಿ ಗಟ್ಟಿಯಾದ ದೂರಿದೆ.

ಮೊದಲು ಬ್ಯಾಂಕಿಗೇ ಬರವಣಿಗೆಯಲ್ಲಿ ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ.

ಆದರೆ ಒಂದನ್ನು ನೇರವಾಗಿ ಹೇಳಬೇಕು. ‘ಪಾಯಿಂಟಿನ ಬೆಲೆ ಯಾಕೆ ಇಳಿಸಿದಿರಿ’ ಎಂಬುದಷ್ಟೇ ನಿಮ್ಮ ದೂರಾದರೆ ಅದು ನಿಲ್ಲುವುದು ಕಷ್ಟ. ಬ್ಯಾಂಕಿನ ವ್ಯಾಪಾರಿ ನಿರ್ಧಾರಗಳಲ್ಲಿ ಒಂಬುಡ್ಸ್‌ಮನ್ ಕೈ ಹಾಕುವುದಿಲ್ಲ. ನೋಟಿಸ್ ಕೊಡಲಿಲ್ಲ, ಬರಬೇಕಾದ ಪಾಯಿಂಟ್ ಹಾಕಲಿಲ್ಲ, ಹಳೆಯ ದರ ಇದ್ದಾಗಲೇ ಬುಕ್ ಮಾಡಿದ್ದಕ್ಕೆ ಹೊಸ ದರದಲ್ಲಿ ಕಳೆದರು. ಇಂಥ ತಪ್ಪುಗಳನ್ನು ಹಿಡಿಯಿರಿ.

ಈ ಪಾಯಿಂಟಿನ ದುಡ್ಡು ಎಲ್ಲಿಂದ ಬರುತ್ತದೆ ಗೊತ್ತಾ? ನೀವು ಕಾರ್ಡ್ ಉಜ್ಜಿದಾಗ ಅಂಗಡಿಯವರು ಒಂದಿಷ್ಟು ಶುಲ್ಕ ಕೊಡುತ್ತಾರೆ. ಅದರಲ್ಲಿ ಒಂದು ಪಾಲು ನಿಮ್ಮ ಬ್ಯಾಂಕಿಗೆ. ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿಯೂ ಇದೆ. ಜನ ಪಾಯಿಂಟನ್ನು ಚೆನ್ನಾಗಿ ಬಳಸಲು ಕಲಿತರೆ ಬ್ಯಾಂಕಿಗೆ ಭಾರವಾಗುತ್ತದೆ, ಆಗ ಕತ್ತರಿ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ 5 ಪಾಯಿಂಟಿಗೆ 4 ಏರ್ ಮೈಲ್ (ಟಿಕೆಟಿಗೆ ಬಳಸುವ ವಿಮಾನ ಕಂಪನಿಯ ಪಾಯಿಂಟ್) ಸಿಗುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ 2 ಮಾತ್ರ. ವರ್ಷದ ಶುಲ್ಕ ಅದೇ ಹೊತ್ತಿಗೆ 10,000ದಿಂದ 12,500 ರೂಪಾಯಿಗೆ ಏರಿತು. ಅಡಿಕೆಯನ್ನಾದರೆ ಒಳ್ಳೆ ಧಾರಣೆ ಬರಲಿ ಅಂತ ಒಂದು ವರ್ಷ ಮನೆಯಲ್ಲೇ ಇಟ್ಟು ಕಾಯಬಹುದು. ಪಾಯಿಂಟಿನ ಧಾರಣೆ ಏರಿದ್ದನ್ನು ನಾನಂತೂ ಕಂಡಿಲ್ಲ. ಐದು ವರ್ಷ ಕೂಡಿಡುವ ವಸ್ತುವೇ ಅಲ್ಲ ಅದು. ವರ್ಷವರ್ಷ ಖರ್ಚು ಮಾಡಿಬಿಡಬೇಕು.

ಕಾರ್ಡ್ ಇಟ್ಟುಕೊಳ್ಳಬೇಕಾ? ಹಿಂದೆ ಏನು ಸಿಕ್ಕಿತ್ತು ಅನ್ನುವುದನ್ನು ಬದಿಗಿಡಿ. 3 ಲಕ್ಷಕ್ಕೆ ವರ್ಷಕ್ಕೆ 12,000 ಪಾಯಿಂಟ್. ಹೊಸ ದರದಲ್ಲಿ 6,000 ರೂಪಾಯಿ. ಶುಲ್ಕ 5,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 5,900. ವರ್ಷವಿಡೀ ಉಜ್ಜಿ ನಿಮಗೆ ಉಳಿಯುವುದು 100 ರೂಪಾಯಿ. ಶುಲ್ಕವೇ ಇಲ್ಲದ, ಶೇ 1 ಕ್ಯಾಶ್‌ಬ್ಯಾಕ್ ಕೊಡುವ ಸಾದಾ ಕಾರ್ಡ್ ಇದ್ದರೆ ಇದೇ ಖರ್ಚಿಗೆ 3,000 ರೂಪಾಯಿ ಬರುತ್ತದೆ.

ಲೌಂಜ್ ಲೆಕ್ಕಕ್ಕೆ ಬರುವುದೇ ಇಲ್ಲ. ಮೂರು ತಿಂಗಳಿಗೆ 75,000 ಅಂದರೆ ವರ್ಷಕ್ಕೆ ಸರಿಯಾಗಿ ನಿಮ್ಮ 3 ಲಕ್ಷ, ಸುಲಭ ಅನ್ನಿಸುತ್ತದೆ. ಆದರೆ ಇದು ತಿಂಗಳ ಸಂಬಳದವರಿಗೆ ಹೊಂದುವ ನಿಯಮ. ಮಂಡಿಯಲ್ಲಿ ಅಡಿಕೆ ಮಾರಿದಾಗ ದುಡ್ಡು, ಆಗಲೇ ಖರ್ಚು. ಮಳೆಗಾಲದ ಮೂರು ತಿಂಗಳಲ್ಲಿ ತೋಟದ ಮನೆಯವರು ಕಾರ್ಡಿನಲ್ಲಿ 75,000 ಎಲ್ಲಿ ಉಜ್ಜುತ್ತಾರೆ? ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕೂಲಿ ನಗದಲ್ಲೇ ಕೊಡಬೇಕು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಿಂದ ವಿಮಾನ ಹಾರುತ್ತಿದೆ, ನಿಜ. ಆದರೂ ಬೆಂಗಳೂರಿಗೆ ನಮಗೆ ರಾತ್ರಿ ಬಸ್ಸೋ ಜನಶತಾಬ್ದಿಯೋ ಸಾಕಾಗುತ್ತದೆ. ವರ್ಷಕ್ಕೊಮ್ಮೆ ಹೋಗುವ ಲೌಂಜಿಗಾಗಿ ಶುಲ್ಕ ಕಟ್ಟಬೇಡಿ.

ಬಿಡುವ ಮುಂಚೆ ಒಮ್ಮೆ ಫೋನ್ ಮಾಡಿ ಕೇಳಿ: ಈ ವರ್ಷದ ಶುಲ್ಕ ಮನ್ನಾ ಮಾಡುತ್ತೀರಾ, ಇಲ್ಲ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡುತ್ತೀರಾ? ಗ್ರಾಹಕ ಹೋಗುತ್ತಾನೆ ಅಂದಾಗ ಬ್ಯಾಂಕಿನವರು ಒಪ್ಪುವುದುಂಟು. ಆಗಲ್ಲ ಅಂದರೆ ಪಾಯಿಂಟ್ ಖಾಲಿ ಮಾಡಿ, ಬಾಕಿ ತೀರಿಸಿ, ಶುಲ್ಕ ಬೀಳುವ ತಿಂಗಳಿಗೆ ಮೊದಲೇ ಮುಚ್ಚಲು ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ದಂಡ ಕೊಡಬೇಕು. ಇದೂ ರಿಸರ್ವ್ ಬ್ಯಾಂಕಿನ ಅದೇ ನಿಯಮದಲ್ಲಿದೆ.

ಪ್ರಶ್ನೆ: ನನ್ನದೂ ಅಂಥದ್ದೇ ಕಾರ್ಡ್. ಮೂರು ತಿಂಗಳ ಗುರಿ ಮುಟ್ಟಲು ಈ ತಿಂಗಳು 50,000 ರೂಪಾಯಿ ಜಾಸ್ತಿ ಖರ್ಚು ಮಾಡಿ, ಸದ್ಯಕ್ಕೆ ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿದರೆ ಆಗಲ್ವಾ? (ಸಾಗರದಿಂದ)

ಉತ್ತರ: ದಯವಿಟ್ಟು ಬೇಡ. ತಿಂಗಳಿಗೆ ಶೇ 3.5 ಬಡ್ಡಿ ಅಂದುಕೊಂಡರೂ 50,000ಕ್ಕೆ 1,750 ರೂಪಾಯಿ. ಜಿಎಸ್‌ಟಿ ಸೇರಿ 2,065. ಅದೇ 50,000ಕ್ಕೆ ಸಿಗುವ 2,000 ಪಾಯಿಂಟಿನ ಬೆಲೆ ಹೊಸ ದರದಲ್ಲಿ 1,000 ರೂಪಾಯಿ. ಮೇಲಾಗಿ ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಖಾತೆಯಿಂದ ಪೂರ್ತಿ ಬಿಲ್ ತಾನಾಗಿ ಕಟ್ಟಿಹೋಗುವಂತೆ ಆಟೋ ಡೆಬಿಟ್ ಹಾಕಿಸಿಕೊಳ್ಳಿ. ಹಾಕಿಸುವಾಗ ‘ಟೋಟಲ್ ಡ್ಯೂ’ ಆರಿಸಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ.